ಐವತ್ತೈದನ್ನು ಸೋಲಿಸಿದ ಇಪ್ಪತ್ತೇಳು

(ಊರಿನ ಗ್ರಂಥಾಲಯದಲ್ಲಿ ಕ್ರೀಡಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಹಲಗೆಯ ಮೇಲೆ ಏಳು ಸಾಲು ಬರೆಯುತ್ತೇನೆ. ಎಡಗಡೆ ಪಿಟ್ಸ್‌ಬರ್ಗ್ ಪೈರೇಟ್ಸ್, ಬಲಗಡೆ ನ್ಯೂಯಾರ್ಕ್ ಯಾಂಕೀಸ್.

6–4
3–16
0–10
3–2
5–2
0–12
10–9

ಇದು 1960ರ ಅಕ್ಟೋಬರ್ 5ರಿಂದ 13ರವರೆಗೆ ನಡೆದ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಪೂರ್ತಿ ಕಥೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನಿಗೆ ಅಂಕಿಗಳು ಒಂದರ ಕೆಳಗೊಂದು ಕಂಡರೆ ಕೂಡಿಬಿಡುವ ಚಟ. ಕೂಡಿ ನೋಡಿ. ಎಡಗಡೆ 27, ಬಲಗಡೆ 55. ಅರ್ಧಕ್ಕಿಂತಲೂ ಕಡಿಮೆ ರನ್ ಗಳಿಸಿದ ತಂಡ ನಾಲ್ಕು ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಇದು ಹೇಗಾಯಿತು ಎನ್ನುವುದಷ್ಟೇ ಇಂದಿನ ನನ್ನ ವಿಷಯ.

ಈ ಕಥೆ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ, ಒಂದು ಗೋಡೆಯಿಂದ. ಮಗಳು ಪಿಟ್ಸ್‌ಬರ್ಗ್‌ನ ಓಕ್ಲೆಂಡ್ ಬಡಾವಣೆಯಲ್ಲಿ ಓದುತ್ತಿದ್ದಾಗ ನಾನೂ ನನ್ನ ಪತ್ನಿಯೂ ಅಲ್ಲಿ ಆರು ತಿಂಗಳು ಇದ್ದೆವು. ನಿವೃತ್ತ ತಂದೆ ತಾಯಿಗಳು ಅಮೆರಿಕದಲ್ಲಿ ಮಾಡುವ ಕೆಲಸಗಳು ನಿಮಗೆ ಗೊತ್ತೇ ಇವೆ: ಭಾನುವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ, ಉಳಿದ ದಿನ ಬೆಳಿಗ್ಗೆ ನಡಿಗೆ, ಮಧ್ಯಾಹ್ನ ನಡಿಗೆ, ಸಂಜೆ ಮಗಳು ಬರುವುದನ್ನು ಕಾಯುವುದು. ಹಾಗೆ ನಡೆಯುತ್ತಿದ್ದಾಗ ವಿಶ್ವವಿದ್ಯಾಲಯದ ಕಟ್ಟಡಗಳ ಪಕ್ಕದಲ್ಲಿ ಬಳ್ಳಿ ಹಬ್ಬಿದ ಒಂದು ಇಟ್ಟಿಗೆ ಗೋಡೆ ಕಂಡಿತು. ಅದಕ್ಕೆ ಹಿಂದೆಯೂ ಏನಿಲ್ಲ, ಮುಂದೆಯೂ ಏನಿಲ್ಲ. ಅದು ಯಾವುದನ್ನೂ ಕಾಯುತ್ತಿರಲಿಲ್ಲ. 1909ರಲ್ಲಿ ಶುರುವಾಗಿ 1970ರಲ್ಲಿ ಮುಚ್ಚಿದ ಫೋರ್ಬ್ಸ್ ಫೀಲ್ಡ್ ಎಂಬ ಮೈದಾನದಲ್ಲಿ ಉಳಿದ ಕೆಲವೇ ತುಣುಕುಗಳಲ್ಲಿ ಅದೊಂದು. ಗೋಡೆ ಇಲ್ಲದ ಕಡೆ ಕಾಲುದಾರಿಯ ಮೇಲೆ ಇಟ್ಟಿಗೆಯ ಗೆರೆ ಹಾಕಿ ಅದು ಎಲ್ಲಿತ್ತು ಎಂದು ತೋರಿಸಿದ್ದಾರೆ. ಆ ಗೆರೆಯ ಒಂದು ಜಾಗದಲ್ಲಿ ಫಲಕವಿದೆ: ಚೆಂಡು ಇಲ್ಲಿಂದ ಆಚೆ ಹೋಯಿತು ಎಂದು.

ಒಂದು ಚೆಂಡು ಗೋಡೆ ದಾಟಿದ ಜಾಗಕ್ಕೆ ಫಲಕ ಹಾಕುವ ಊರು ಎಂತಹದಿರಬೇಕು ಎಂಬ ಕುತೂಹಲ ನನ್ನನ್ನು ಬೇಸ್‌ಬಾಲ್‌ಗೆ ಎಳೆಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲಿ ಎರಡೂ ತಂಡಗಳು ಬ್ಯಾಟ್ ಮಾಡುತ್ತವೆ, ಮೂರು ಔಟ್ ಆದರೆ ಸರದಿ ಮುಗಿಯಿತು. ಬ್ಯಾಟ್ ಮಾಡಿದವನು ಮೂರು ಬೇಸ್‌ಗಳನ್ನು ಸುತ್ತಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಚೆಂಡು ಬೇಲಿಯಾಚೆ ಬಿದ್ದರೆ ಹೋಂ ರನ್. ಆಗ ಬೇಸ್‌ಗಳಲ್ಲಿ ಕಾದು ನಿಂತವರೆಲ್ಲ ಅವನೊಂದಿಗೆ ಮನೆಗೆ ಬರುತ್ತಾರೆ. ಒಂದು ತಂಡ ಪಂದ್ಯಕ್ಕೆ ನಾಲ್ಕೈದು ರನ್ ಗಳಿಸಿದರೆ ಅದು ಸಾಧಾರಣ ದಿನ. ಆದ್ದರಿಂದ ಹಲಗೆಯ ಮೇಲಿರುವ 16, 10, 12 ಎಂಬ ಸಂಖ್ಯೆಗಳನ್ನು ನಮ್ಮ ಲೆಕ್ಕದಲ್ಲಿ ಇನಿಂಗ್ಸ್ ಮತ್ತು ಇನ್ನೂರು ರನ್‌ಗಳ ಸೋಲು ಎಂದು ಓದಿಕೊಳ್ಳಿ. ಇನ್ನೊಂದು ವಿಷಯ: ನಾನು ಆಟಗಾರರನ್ನು ಏಕವಚನದಲ್ಲಿ ಕರೆಯುತ್ತೇನೆ. ವಿಶಿ ಬಂದ, ಚಂದ್ರ ಎಸೆದ ಎಂದು ಹೇಳಿಕೊಂಡು ಬೆಳೆದವರು ನಾವು. ಆಟಗಾರನಿಗೆ ಬಹುವಚನ ಹಚ್ಚಿದರೆ ಅವನು ಮೈದಾನ ಬಿಟ್ಟು ವೇದಿಕೆ ಹತ್ತಿದಂತೆ ಕಾಣುತ್ತದೆ.

ಆಗ ಋತುವಿನ ಕೊನೆಯ ಹಂತ ಸರಳವಾಗಿತ್ತು. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂದು ಎರಡು. ಒಂದೊಂದು ತಂಡವೂ 154 ಪಂದ್ಯ ಆಡಬೇಕು. ಎರಡು ಲೀಗ್‌ಗಳಲ್ಲೂ ಮೊದಲ ಸ್ಥಾನಕ್ಕೆ ಬಂದವರು ನೇರವಾಗಿ ವರ್ಲ್ಡ್ ಸೀರೀಸ್‌ಗೆ. ಸೆಮಿಫೈನಲ್ ಎಂಬುದೇ ಇಲ್ಲ. ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್.

ಯಾಂಕೀಸ್ ಎಂದರೆ ಆ ಕಾಲದ ಚಕ್ರವರ್ತಿಗಳು. ಕೇಸಿ ಸ್ಟೆಂಗಲ್ ವ್ಯವಸ್ಥಾಪಕನಾಗಿ ಬಂದ ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ಲೀಗ್ ಗೆದ್ದಿದ್ದರು. ಅದರಲ್ಲಿ ಏಳು ಸಲ ವರ್ಲ್ಡ್ ಸೀರೀಸನ್ನೂ. ಬೇಸ್‌ಬಾಲ್‌ನಲ್ಲಿ ವ್ಯವಸ್ಥಾಪಕ ಎಂದರೆ ಸಾಮಾನು ಎಣಿಸುವವನಲ್ಲ. ಯಾರು ಆಡಬೇಕು, ಯಾರು ಎಸೆಯಬೇಕು, ಯಾವಾಗ ಬದಲಾಗಬೇಕು ಎಂದು ತೀರ್ಮಾನಿಸುವ ದಂಡನಾಯಕ. ಮಿಕಿ ಮ್ಯಾಂಟಲ್, ರಾಜರ್ ಮ್ಯಾರಿಸ್, ಯೋಗಿ ಬೆರಾ ಅವನ ಸೈನ್ಯ. ಈ ಬೆರಾನ ನಿಜವಾದ ಹೆಸರು ಲಾರೆನ್ಸ್. ಹುಡುಗನಾಗಿದ್ದಾಗ ಅವನು ಕುಳಿತುಕೊಳ್ಳುವ ಭಂಗಿ, ಸಿನಿಮಾದಲ್ಲಿ ಕಂಡ ಭಾರತದ ಯೋಗಿಯೊಬ್ಬನಂತಿದೆ ಎಂದು ಗೆಳೆಯ ಇಟ್ಟ ಹೆಸರೇ ಉಳಿಯಿತಂತೆ. ಈ ಕಥೆಯಲ್ಲಿ ನಮ್ಮವರು ಬರುವುದು ಅಷ್ಟು ಮಾತ್ರ. ಇಲ್ಲ, ಇನ್ನೊಂದು ಸಲ ಬರುತ್ತಾರೆ, ಅದನ್ನು ಆಮೇಲೆ ಹೇಳುತ್ತೇನೆ.

ಪೈರೇಟ್ಸ್? ಉಕ್ಕಿನ ಕಾರ್ಖಾನೆಗಳ ಊರಿನ ತಂಡ. 1952ರಲ್ಲಿ 154ರಲ್ಲಿ 112 ಪಂದ್ಯ ಸೋತಿದ್ದರು. ವರ್ಲ್ಡ್ ಸೀರೀಸ್ ಗೆದ್ದು 35 ವರ್ಷವಾಗಿತ್ತು. ಕೊನೆಯ ಸಲ ಅಲ್ಲಿಗೆ ಹೋದದ್ದು 1927ರಲ್ಲಿ, ಆಗ ಇದೇ ಯಾಂಕೀಸ್ ನಾಲ್ಕಕ್ಕೆ ನಾಲ್ಕನ್ನೂ ಗೆದ್ದು ಕಳಿಸಿದ್ದರು. ಆದರೂ 1960ರ ಪೈರೇಟ್ಸ್ ತಂಡವನ್ನು ಬಡಪಾಯಿಗಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು 95 ಪಂದ್ಯ ಗೆದ್ದಿದ್ದರು, ಯಾಂಕೀಸ್ 97. ಎರಡೇ ಎರಡು ಹೆಚ್ಚು. ದೈತ್ಯನನ್ನು ಕೊಂದ ಪುಟ್ಟ ಹುಡುಗನ ಕಥೆ ಹೇಳುವ ಆಸೆಯಲ್ಲಿ ಜನ ಈ 95ನ್ನು ಮರೆತುಬಿಡುತ್ತಾರೆ.

ಈಗ ಹಲಗೆಗೆ ಬನ್ನಿ. ಮೊದಲ ಪಂದ್ಯ ಪೈರೇಟ್ಸ್‌ಗೆ. ಎರಡನೆಯದು ಯಾಂಕೀಸ್‌ಗೆ, 16–3. ಮೂರನೆಯದರಲ್ಲಿ 10–0, ಅದರಲ್ಲಿ ಯಾಂಕೀಸ್‌ನ ಬಾಬಿ ರಿಚರ್ಡ್‌ಸನ್ ಎಂಬ ಸಾಧು ಸ್ವಭಾವದ ಸೆಕೆಂಡ್ ಬೇಸ್‌ಮನ್ (ಎರಡನೆಯ ಬೇಸ್ ಕಾಯುವವನು) ಒಬ್ಬನೇ ಆರು ರನ್ ತರಿಸಿದ. ಇಡೀ ಋತುವಿನಲ್ಲಿ ತನ್ನ ಹೊಡೆತದಿಂದ 26 ರನ್ ಮಾತ್ರ ತರಿಸಿದ್ದವನು ಈ ಏಳು ಪಂದ್ಯಗಳಲ್ಲಿ 12 ತರಿಸಿದ. ಪತ್ರಿಕೆಗಳಲ್ಲಿ ಆಗಲೇ ಪೈರೇಟ್ಸ್‌ಗೆ ಶ್ರದ್ಧಾಂಜಲಿ ತಯಾರಾಗಿದ್ದಿರಬೇಕು. ಆಮೇಲೆ 3–2, 5–2. ಎರಡೂ ನ್ಯೂಯಾರ್ಕಿನ ಮೈದಾನದಲ್ಲೇ, ಎರಡೂ ಪೈರೇಟ್ಸ್‌ಗೆ. ಆರನೆಯದು 12–0, ಮತ್ತೆ ಯಾಂಕೀಸ್.

ನಮ್ಮ ಕಡೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿದ ಮೇಲೆ ಎಷ್ಟು ಮಳೆ ಬಂದರೂ ಆ ನೀರು ಕೋಡಿಯ ಮೇಲೆ ಹರಿದು ಹೋಗುತ್ತದೆ. ನೋಡಲು ಚೆಂದ, ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ನೋಡುತ್ತಾರೆ. ಆದರೆ ಬೇಸಿಗೆಯಲ್ಲಿ ಗದ್ದೆಗೆ ಸಿಗುವುದು ಏರಿಯ ಒಳಗೆ ನಿಂತ ನೀರು ಮಾತ್ರ. ಎರಡನೆಯ ಪಂದ್ಯ ಗೆಲ್ಲಲು ಯಾಂಕೀಸ್‌ಗೆ ಬೇಕಾಗಿದ್ದದ್ದು ನಾಲ್ಕು ರನ್. ಉಳಿದ ಹನ್ನೆರಡು ಕೋಡಿ ಹರಿಯಿತು. ಮೂರನೆಯದರಲ್ಲಿ ಒಂದು ಸಾಕಿತ್ತು, ಒಂಬತ್ತು ಕೋಡಿಗೆ. ಆರನೆಯದರಲ್ಲಿಯೂ ಒಂದು ಸಾಕಿತ್ತು, ಹನ್ನೊಂದು ಕೋಡಿಗೆ. ಮೂರು ಪಂದ್ಯ ಗೆಲ್ಲಲು ಆರೇ ರನ್ ಸಾಕಾಗಿದ್ದಲ್ಲಿ 38 ರನ್ ಸುರಿದರು. ಇನ್ನು ಅವರು ಸೋತ ನಾಲ್ಕು ಪಂದ್ಯಗಳ ಅಂತರವನ್ನು ಕೂಡಿದರೆ 2, 1, 3, 1, ಒಟ್ಟು ಏಳು ರನ್. ಈ ಊರಿನ ಕಾಲುವೆಗೆ ಆ ಊರಿನ ಕೋಡಿಯ ನೀರನ್ನು ತಿರುಗಿಸಲು ಬರುವುದಿಲ್ಲ.

ಇದೇನು ವಿಚಿತ್ರ ಎನ್ನಬೇಡಿ. ನಮ್ಮದೇ 2018ರ ವಿಧಾನಸಭಾ ಚುನಾವಣೆಯಲ್ಲಿ ಹೆಚ್ಚು ಮತ ಬಂದದ್ದು ಒಂದು ಪಕ್ಷಕ್ಕೆ, ಹೆಚ್ಚು ಸ್ಥಾನ ಬಂದದ್ದು ಇನ್ನೊಂದಕ್ಕೆ. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ, ಸಭೆ ಬೇರೆ ದಾರಿ ಹಿಡಿಯುತ್ತದೆ.

ಲೆಕ್ಕದ ಮಾತು ಇಲ್ಲಿಗೆ ಮುಗಿದರೆ ಇದು ತರಗತಿಯಾಗುತ್ತಿತ್ತು. ಆದರೆ ಆ ರನ್‌ಗಳು ಮೂರು ದಿನಗಳಲ್ಲಿ ಗುಡ್ಡೆಬಿದ್ದು ನಾಲ್ಕು ದಿನ ಬಡವಾದದ್ದರಲ್ಲಿ ಮನುಷ್ಯನ ಕೈವಾಡವೂ ಇದೆ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಒಂದು ಪಂದ್ಯ ಪೂರ್ತಿ ಎಸೆದರೆ ಮೂರು ನಾಲ್ಕು ದಿನ ತೋಳಿಗೆ ವಿಶ್ರಾಂತಿ ಕೊಡಲೇಬೇಕು. ಹಾಗಾಗಿ ಒಂಬತ್ತು ದಿನಗಳ ಸರಣಿಯಲ್ಲಿ ಯಾರನ್ನು ಯಾವ ದಿನಕ್ಕೆ ಇಡುತ್ತೀರಿ ಎನ್ನುವುದು ಮದುವೆ ಮನೆಯಲ್ಲಿ ಅಡುಗೆಯವರನ್ನು ಹಂಚಿದ ಹಾಗೆ. ಯಾಂಕೀಸ್‌ನ ಅತ್ಯುತ್ತಮ ಪಿಚರ್ ಎಡಗೈಯ ವೈಟಿ ಫೋರ್ಡ್. ಅವನನ್ನು ಮೊದಲ ದಿನ ಇಳಿಸಿದ್ದರೆ ನಾಲ್ಕನೆಯ ಪಂದ್ಯಕ್ಕೆ, ಏಳನೆಯ ಪಂದ್ಯಕ್ಕೆ, ಒಟ್ಟು ಮೂರು ಸಲ ಸಿಗುತ್ತಿದ್ದ. ಸ್ಟೆಂಗಲ್ ಅವನನ್ನು ಮೂರನೆಯ ಪಂದ್ಯಕ್ಕೆ, ನ್ಯೂಯಾರ್ಕಿನ ಸ್ವಂತ ಮೈದಾನಕ್ಕೆ ಮೀಸಲಿಟ್ಟ. ಫೋರ್ಡ್ ಮೂರನೆಯದನ್ನೂ ಆರನೆಯದನ್ನೂ ಪೂರ್ತಿ ಎಸೆದ. ಹದಿನೆಂಟು ಇನಿಂಗ್ಸ್‌ನಲ್ಲಿ ಪೈರೇಟ್ಸ್‌ಗೆ ಒಂದು ರನ್ ಕೂಡ ಕೊಡಲಿಲ್ಲ. ಆ ಎರಡು ಸೊನ್ನೆಗಳು ಅವನವು. ಗಮನಿಸಿ, ಎದುರಾಳಿ ಒಂದು ರನ್ನನ್ನೂ ಗಳಿಸದ ದಿನಗಳಲ್ಲೇ ಯಾಂಕೀಸ್ ಬ್ಯಾಟುಗಳು 22 ರನ್ ಸುರಿದವು. ಹಸಿವಿಲ್ಲದವನ ಎಲೆಗೆ ಹೋಳಿಗೆ ಬಡಿಸಿದ ಹಾಗೆ. ಏಳನೆಯ ಪಂದ್ಯದ ದಿನ ಫೋರ್ಡ್ ತೋಳಿಗೆ ಹಿಂದಿನ ದಿನದ ದಣಿವು.

ಹಾಗಾದರೆ ಮೊದಲ ದಿನ ಎಸೆದವನು ಯಾರು? ಆರ್ಟ್ ಡಿಟ್ಮಾರ್. ಸ್ಟೆಂಗಲ್‌ನನ್ನು ಬೈಯುವವರು ಒಂದು ವಿಷಯ ಹೇಳುವುದಿಲ್ಲ: ಆ ಋತುವಿನಲ್ಲಿ ಯಾಂಕೀಸ್ ಪರವಾಗಿ ಅತಿ ಹೆಚ್ಚು ಪಂದ್ಯ ಗೆದ್ದ ಪಿಚರ್ ಡಿಟ್ಮಾರನೇ. ಹದಿನೈದು ಗೆಲುವು, ಫೋರ್ಡ್‌ಗೆ ಹನ್ನೆರಡು. ಕಾಗದದ ಮೇಲೆ ತಪ್ಪಿಲ್ಲ. ಆದರೆ ಡಿಟ್ಮಾರ್ ಮೊದಲ ಪಂದ್ಯದಲ್ಲಿ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಹೊರಗೆ, ಐದನೆಯದರಲ್ಲಿ ಎರಡನೆಯ ಇನಿಂಗ್ಸ್ ಮುಗಿಯುವ ಮೊದಲೇ ಹೊರಗೆ. ಎರಡೂ ಸೋಲು ಅವನ ಹೆಸರಿಗೆ. ನನ್ನ ಅಭಿಪ್ರಾಯ ಕೇಳಿದರೆ ಈ ಸರಣಿ ಜಾರಿದ್ದು ಆ ಕೊನೆಯ ಹೊಡೆತದಲ್ಲಿ ಅಲ್ಲ, ಮೊದಲ ಪಂದ್ಯಕ್ಕೆ ಹೆಸರು ಬರೆದ ಆ ಪೆನ್ಸಿಲ್ಲಿನಲ್ಲಿ.

ಈಗ ಏಳನೆಯ ಪಂದ್ಯ. ಇಲ್ಲಿ ನಾನು ಸ್ವಲ್ಪ ನಿಧಾನವಾಗುತ್ತೇನೆ, ಗಡಿಯಾರ ನೋಡಬೇಡಿ.

1960ರ ಅಕ್ಟೋಬರ್ 13, ಗುರುವಾರ, ಫೋರ್ಬ್ಸ್ ಫೀಲ್ಡ್. ಪೈರೇಟ್ಸ್ ಬೇಗನೆ 4–0 ಮುಂದೆ ಹೋದರು. ಯಾಂಕೀಸ್ ಒಂದನ್ನು ತೀರಿಸಿದರು. ಆರನೆಯ ಇನಿಂಗ್ಸ್‌ನಲ್ಲಿ ಪೈರೇಟ್ಸ್‌ನ ರಾಯ್ ಫೇಸ್ ಎಸೆಯಲು ಬಂದ. ಮುಂದಿದ್ದ ಪಂದ್ಯವನ್ನು ಕೊನೆಯವರೆಗೆ ಕಾಯುವುದು ಅವನ ಕೆಲಸ; ಗೆದ್ದ ಮೂರು ಪಂದ್ಯಗಳನ್ನೂ ಅವನೇ ಮುಗಿಸಿ ಕೊಟ್ಟಿದ್ದ. ಅಂದು ತೋಳು ಮಾತು ಕೇಳಲಿಲ್ಲ. ಯೋಗಿ ಬೆರಾ ಮೂರು ರನ್‌ಗಳ ಹೋಂ ರನ್ ಹೊಡೆದು ಯಾಂಕೀಸ್ ತಂಡವನ್ನು 5–4ಕ್ಕೆ ತಂದ. ಎಂಟನೆಯದರಲ್ಲಿ ಇನ್ನೆರಡು. 7–4. ಪೈರೇಟ್ಸ್‌ಗೆ ಉಳಿದದ್ದು ಆರು ಔಟ್.

ಎಂಟನೆಯ ಇನಿಂಗ್ಸ್‌ನ ಪೈರೇಟ್ಸ್ ಸರದಿ. ಒಬ್ಬ ಮೊದಲ ಬೇಸ್ ಮೇಲೆ ನಿಂತಿದ್ದಾನೆ. ಬಿಲ್ ವರ್ಡನ್ ನೆಲಕ್ಕೆ ಹೊಡೆದ ಚೆಂಡು ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ಕಾಯುವ ಯಾಂಕೀಸ್‌ನ ಶಾರ್ಟ್‌ಸ್ಟಾಪ್ ಟೋನಿ ಕ್ಯೂಬೆಕ್ ಕಡೆಗೆ ಹೋಯಿತು. ಹಿಡಿದು ಎಸೆದರೆ ಒಂದೇ ಚೆಂಡಿಗೆ ಇಬ್ಬರು ಔಟ್. ದಿನಕ್ಕೆ ನೂರು ಸಲ ಅಭ್ಯಾಸ ಮಾಡುವ ಚೆಂಡು. ಆ ಮೈದಾನದ ನೆಲ ಕಲ್ಲಿನಂತೆ ಗಟ್ಟಿ ಎಂದು ಪ್ರಸಿದ್ಧ. ಚೆಂಡು ಎಲ್ಲೋ ತಗುಲಿ ಪುಟಿದು ನೇರವಾಗಿ ಕ್ಯೂಬೆಕ್ ಗಂಟಲಿಗೆ ಬಡಿಯಿತು. ಅವನು ಕುಸಿದ, ಅವನನ್ನು ಆಸ್ಪತ್ರೆಗೆ ಕೊಂಡೊಯ್ದರು. ಔಟ್ ಆಗಬೇಕಿದ್ದ ಇಬ್ಬರೂ ಬೇಸ್‌ಗಳ ಮೇಲೆ ಕ್ಷೇಮವಾಗಿ ಉಳಿದರು.

ಯಾರೇ ಈ ಕಥೆ ಹೇಳಿದರೂ ಆ ಪುಟಿತದಲ್ಲಿ ನಿಲ್ಲುತ್ತಾರೆ. ವಿಧಿ, ಒಂದು ಹರಳು, ಹಣೆಬರಹ ಎನ್ನುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮುಂದೆ ನಡೆದದ್ದು. ಒಂದು ರನ್ ಬಂತು, 7–5. ಎರಡು ಔಟ್ ಕೂಡ ಆಯಿತು. ಆಗ ಬ್ಯಾಟ್ ಹಿಡಿದವನು ರಾಬರ್ಟೊ ಕ್ಲೆಮೆಂಟೆ. ಪೋರ್ಟೊ ರಿಕೊದಿಂದ ಬಂದ, ಓಟದಲ್ಲಿ ಅರೆ ಮನಸ್ಸು ಎಂಬುದೇ ಗೊತ್ತಿಲ್ಲದ ಆಟಗಾರ. ಅವನ ಹೊಡೆತ ಸೋತ ಹೊಡೆತ. ಚೆಂಡು ನೆಲಕ್ಕೆ ಬಡಿದು ಮೊದಲ ಬೇಸ್ ಬದಿಗೆ ಕುಣಿಯುತ್ತ ಹೋಯಿತು. ಬೇಸ್ ಕಾಯುವವನು ಅದನ್ನು ಹಿಡಿಯಲು ಮುಂದೆ ಬಂದರೆ, ಪಿಚರ್ ಓಡಿಹೋಗಿ ಖಾಲಿ ಬೇಸ್ ಕಾಯಬೇಕು. ಇದು ಬೇಸ್‌ಬಾಲ್‌ನ ಮೊದಲನೆಯ ತರಗತಿಯ ಪಾಠ. ಪಿಚರ್ ಜಿಮ್ ಕೋಟ್ಸ್ ಸಮಯಕ್ಕೆ ತಲುಪಲಿಲ್ಲ. ಕ್ಲೆಮೆಂಟೆ ತಲುಪಿದ. 7–6. ಹರಳಿಗೆ ಬುದ್ಧಿ ಇರಲಿಲ್ಲ, ಒಪ್ಪುತ್ತೇನೆ, ಕೋಟ್ಸ್‌ಗೆ ಕಾಲುಗಳಿದ್ದವು. ಅವನು ಅಲ್ಲಿ ಇದ್ದಿದ್ದರೆ ಮೂರನೆಯ ಔಟ್ ಆಗಿ, ಕ್ಯೂಬೆಕ್ ಗಂಟಲಿಗೆ ಬಡಿದ ಚೆಂಡು ಒಂದು ನೋವಿನ ಘಟನೆಯಾಗಿ ಮಾತ್ರ ಉಳಿಯುತ್ತಿತ್ತು.

ಮುಂದಿನವನು ಹ್ಯಾಲ್ ಸ್ಮಿತ್. ಅದೇ ಇನಿಂಗ್ಸ್‌ನಲ್ಲಿ ಬದಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದಂತೆ) ಆಗಿ ಒಳಗೆ ಬಂದವನು. ಮೂರು ರನ್‌ಗಳ ಹೋಂ ರನ್! 9–7. ಊರು ಹುಚ್ಚೆದ್ದಿತು. ಉಳಿದದ್ದು ಯಾಂಕೀಸ್‌ನ ಕೊನೆಯ ಮೂರು ಔಟ್. ಅವು ಸಲೀಸಾಗಿ ಬಿದ್ದಿದ್ದರೆ ಪಿಟ್ಸ್‌ಬರ್ಗ್‌ನ ಆ ಫಲಕದ ಮೇಲೆ ಸ್ಮಿತ್ ಹೆಸರು ಇರುತ್ತಿತ್ತು. ಅವನ ಹೊಡೆತ ಪಂದ್ಯವನ್ನು ತಿರುಗಿಸಿತು, ಆದರೆ ಅರ್ಧ ಗಂಟೆಯೂ ಕಳೆಯುವ ಮೊದಲೇ ಇತಿಹಾಸ ಅದನ್ನು ಹಿಂದಿನ ಬೆಂಚಿಗೆ ಕಳಿಸಿತು. ಈ ಸಭೆಯಲ್ಲಿ ಮೊದಲ ಚಪ್ಪಾಳೆ ಯಾರಿಗಾದರೂ ಹೊಡೆಯುವುದಿದ್ದರೆ ಹ್ಯಾಲ್ ಸ್ಮಿತ್‌ಗೆ ಹೊಡೆಯಿರಿ. (ಸಭಿಕರು ಹೊಡೆದರು, ನನಗೆ ತುಂಬ ಸಂತೋಷವಾಯಿತು.)

ಒಂಬತ್ತನೆಯ ಇನಿಂಗ್ಸ್. ಯಾಂಕೀಸ್ ಒಂದು ರನ್ ತೀರಿಸಿದರು, 9–8. ಒಂದು ಔಟ್. ಮೂರನೆಯ ಬೇಸ್‌ನಲ್ಲಿ ಮೆಕ್‌ಡೂಗಲ್ಡ್, ಮೊದಲನೆಯದರಲ್ಲಿ ಮ್ಯಾಂಟಲ್. ಬೆರಾ ಜೋರಾಗಿ ಹೊಡೆದ ಚೆಂಡು ಮೊದಲ ಬೇಸ್‌ನ ರಾಕಿ ನೆಲ್ಸನ್ ಕೈಗೆ ಸಿಕ್ಕಿತು. ಅವನು ಬೇಸ್ ತುಳಿದ, ಬೆರಾ ಔಟ್. ಈಗ ಕೈಯಲ್ಲಿದ್ದ ಚೆಂಡಿನಿಂದ ಮ್ಯಾಂಟಲ್ ಮೈ ಮುಟ್ಟಿದರೆ ಮೂರನೆಯ ಔಟ್, ಆಟ ಮುಗಿಯಿತು, ಪಿಟ್ಸ್‌ಬರ್ಗ್ ಗೆದ್ದಿತು. ಮ್ಯಾಂಟಲ್ ಎರಡೇ ಹೆಜ್ಜೆಯ ದೂರದಲ್ಲಿದ್ದ. ಅವನು ಎರಡನೆಯ ಬೇಸ್ ಕಡೆಗೆ ಓಡಲಿಲ್ಲ. ನೆಲ್ಸನ್ ಕೈಯ ಕೆಳಗಿನಿಂದ ಮೊದಲ ಬೇಸ್‌ಗೇ ಹಾವಿನಂತೆ ನುಸುಳಿ ಬಿದ್ದ. ಕಬಡ್ಡಿ ನೋಡಿದವರಿಗೆ ಆ ಕ್ಷಣ ಗೊತ್ತು: ಹಿಡಿತ ಬೀಳುವ ಮೊದಲೇ ಮೈಯನ್ನು ಇಲ್ಲವಾಗಿಸಿಕೊಳ್ಳುವುದು. ಅಷ್ಟರಲ್ಲಿ ಮೆಕ್‌ಡೂಗಲ್ಡ್ ಮನೆ ಸೇರಿದ. 9–9. ಸೋತ ತಂಡದವನ ಆಟ ಎಂಬ ಕಾರಣಕ್ಕೆ ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ, ಆದರೆ ಅಂದಿನ ಮೈದಾನದಲ್ಲಿ ಅದಕ್ಕಿಂತ ಚುರುಕಾದ ಬುದ್ಧಿ ಯಾರೂ ತೋರಿಸಲಿಲ್ಲ.

ಪೈರೇಟ್ಸ್‌ನ ಒಂಬತ್ತನೆಯ ಸರದಿಗೆ ಮೊದಲು ಬಂದವನು ಬಿಲ್ ಮ್ಯಾಜರಾಸ್ಕಿ. ಸೆಕೆಂಡ್ ಬೇಸ್‌ಮನ್. ಹೆಸರು ಮಾಡಿದ್ದು ಕ್ಷೇತ್ರರಕ್ಷಣೆಯಲ್ಲಿ, ಬ್ಯಾಟಿನಲ್ಲಿ ಅಲ್ಲ. ಎಸೆಯುತ್ತಿದ್ದವನು ರಾಲ್ಫ್ ಟೆರಿ. ಮೊದಲ ಎಸೆತ ಎತ್ತರಕ್ಕೆ ಹೋಯಿತು, ಬಿಟ್ಟ. ಎರಡನೆಯದನ್ನು ಹೊಡೆದ. ಎಡ ಮೈದಾನದಲ್ಲಿ ಕಾಯುತ್ತಿದ್ದವನು ಯೋಗಿ ಬೆರಾ. ಗೋಡೆಯ ಕಡೆಗೆ ಓಡಿದ, ತಲೆ ಎತ್ತಿದ, ತಿರುಗಿದ. 406 ಅಡಿ ಎಂದು ಬರೆದಿದ್ದ ಜಾಗದ ಪಕ್ಕದಲ್ಲಿ ಚೆಂಡು ಗೋಡೆ ದಾಟಿತು. ಮಧ್ಯಾಹ್ನ 3 ಗಂಟೆ 36 ನಿಮಿಷ. ಮ್ಯಾಜರಾಸ್ಕಿ ಟೋಪಿ ಕೈಯಲ್ಲಿ ಹಿಡಿದು ಬೀಸುತ್ತ ಓಡಿದ. ಮೂರನೆಯ ಬೇಸ್ ತಿರುಗುವ ಹೊತ್ತಿಗೆ ಜನ ಮೈದಾನಕ್ಕೆ ನುಗ್ಗಿ ಅವನ ಜೊತೆಗೇ ಓಡುತ್ತಿದ್ದರು.

ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ ಹೋಂ ರನ್‌ನಿಂದ ಕೊನೆಗೊಂಡದ್ದು ಇಂದಿಗೂ ಅದೊಂದೇ. ಇನ್ನೊಂದು ಸೋಜಿಗ: 19 ರನ್ ಬಂದ ಆ ಪಂದ್ಯದಲ್ಲಿ ಎರಡೂ ಕಡೆಯ ಒಬ್ಬನೇ ಒಬ್ಬ ಸ್ಟ್ರೈಕ್‌ಔಟ್ ಆಗಲಿಲ್ಲ. ಬ್ಯಾಟಿಗೆ ಚೆಂಡು ಸಿಗದೆ ತಲೆ ತಗ್ಗಿಸಿ ಹೊರನಡೆದವರೇ ಇಲ್ಲ.

ಆಮೇಲೆ ನಡೆದದ್ದನ್ನು ಬೇಗ ಹೇಳುತ್ತೇನೆ. ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಬಾಬಿ ರಿಚರ್ಡ್‌ಸನ್‌ಗೆ ಹೋಯಿತು. ಸೋತ ತಂಡದವನಿಗೆ ಅದು ಸಿಕ್ಕಿದ್ದು ಆ ಒಂದು ಸಲ ಮಾತ್ರ. ಐದು ದಿನಗಳ ನಂತರ ಸ್ಟೆಂಗಲ್‌ನನ್ನು ತೆಗೆದುಹಾಕಿದರು. ಅವನಿಗೆ ಆಗ ಎಪ್ಪತ್ತು. ವಯಸ್ಸಾಯಿತು ಎಂಬುದೇ ಕಾರಣ ಎಂದು ಅವನು ಮುಚ್ಚುಮರೆ ಇಲ್ಲದೆ ಹೇಳಿದ. ನಿವೃತ್ತರಾದ ನಮ್ಮಂಥವರಿಗೆ ಆ ಪತ್ರಿಕಾಗೋಷ್ಠಿ ಅರ್ಥವಾಗುತ್ತದೆ. ಕ್ಲೆಮೆಂಟೆ ಸರಿಯಾಗಿ ಮೂರು ಸಾವಿರ ಹಿಟ್‌ಗಳನ್ನು (ಬೇಸ್ ತಲುಪಿಸಿದ ಹೊಡೆತಗಳನ್ನು) ಮುಗಿಸಿ, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. ಪಿಟ್ಸ್‌ಬರ್ಗ್‌ನಲ್ಲಿ ಅವನ ಹೆಸರಿನ ಸೇತುವೆ ಇದೆ. ಆ ಹಳೆಯ ಗೋಡೆಯ ಪಕ್ಕದ ರಸ್ತೆಗೂ ಅವನದೇ ಹೆಸರು.

ನನ್ನ ಮನಸ್ಸು ಹೋಗುವುದು ರಾಲ್ಫ್ ಟೆರಿಯ ಕಡೆಗೆ. ಸರಣಿಯ ಕೊನೆಯ ಚೆಂಡು ಎಸೆದು, ಅದು ಗೋಡೆ ದಾಟುವುದನ್ನು ನೋಡಿ, ಒಬ್ಬನೇ ನಡೆದುಹೋದವನು. ಎರಡು ವರ್ಷ ಕಳೆಯಿತು. 1962, ಮತ್ತೆ ವರ್ಲ್ಡ್ ಸೀರೀಸ್, ಮತ್ತೆ ಏಳನೆಯ ಪಂದ್ಯ, ಮತ್ತೆ ಒಂಬತ್ತನೆಯ ಇನಿಂಗ್ಸ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಯಾಂಕೀಸ್ 1–0 ಮುಂದೆ. ಎಸೆಯುತ್ತಿದ್ದವನು ಅದೇ ಟೆರಿ. ಎರಡು ಔಟ್, ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಜೈಂಟ್ಸ್ ಆಟಗಾರರು, ಬ್ಯಾಟ್ ಹಿಡಿದವನು ದೈತ್ಯ ವಿಲ್ಲಿ ಮೆಕೋವಿ. ಒಂದು ಹಿಟ್ ಬಿದ್ದರೆ ಇಬ್ಬರೂ ಮನೆಗೆ. ಮೆಕೋವಿ ಸಿಡಿಲಿನಂತೆ ಹೊಡೆದ. ಚೆಂಡು ಬಾಬಿ ರಿಚರ್ಡ್‌ಸನ್ ನಿಂತಲ್ಲಿಗೇ ಹೋಗಿ ಅವನ ಗ್ಲೋವಿನಲ್ಲಿ ಕುಳಿತಿತು. ಒಂದೆರಡು ಅಡಿ ಆಚೆ ಈಚೆ ಆಗಿದ್ದರೆ ಟೆರಿಗೆ ಈ ಜನ್ಮದಲ್ಲಿ ಬಿಡುಗಡೆ ಇರಲಿಲ್ಲ. ಆ ಸರಣಿಯ ಶ್ರೇಷ್ಠ ಆಟಗಾರ ಅವನೇ. 1960ರಲ್ಲಿ ಅವನು ಕೆಟ್ಟ ಪಿಚರ್ ಆಗಿದ್ದು 1962ರಲ್ಲಿ ಒಳ್ಳೆಯವನಾದನೆಂದು ನನಗೆ ಅನಿಸುವುದಿಲ್ಲ.

ಈ ಪಂದ್ಯದ ದೃಶ್ಯ ಬಹುಕಾಲ ಯಾರ ಹತ್ತಿರವೂ ಪೂರ್ತಿಯಾಗಿ ಇರಲಿಲ್ಲ. ಪೈರೇಟ್ಸ್‌ನ ಪಾಲುದಾರರಲ್ಲಿ ಒಬ್ಬ ಗಾಯಕ ಬಿಂಗ್ ಕ್ರಾಸ್ಬಿ. ತಾನು ನೋಡಿದರೆ ತಂಡಕ್ಕೆ ಕೆಡುಕಾಗುತ್ತದೆ ಎಂಬ ಭಯದಿಂದ ಪ್ಯಾರಿಸ್‌ಗೆ ಹೋಗಿ ಕುಳಿತು ರೇಡಿಯೊ ಕೇಳಿದನಂತೆ. ನಮ್ಮಲ್ಲಿ ಕೊನೆಯ ಓವರ್ ಬಂದಾಗ ಟಿವಿ ಮುಂದಿನಿಂದ ಎದ್ದು ಹಿತ್ತಲಿಗೆ ಹೋಗುವವರಿದ್ದಾರೆ. ಅವನು ಸಾಗರವನ್ನೇ ದಾಟಿದ. ಆದರೆ ಗೆದ್ದರೆ ನೋಡೋಣ ಎಂದು ಟಿವಿ ಪ್ರಸಾರವನ್ನು ಫಿಲ್ಮಿಗೆ ಇಳಿಸಲು ಹೇಳಿ ಹೋಗಿದ್ದ. ಆ ಐದು ಸುರುಳಿಗಳು 2009ರಲ್ಲಿ ಕ್ಯಾಲಿಫೋರ್ನಿಯಾದ ಅವನ ಮನೆಯ ವೈನ್ ನೆಲಮಾಳಿಗೆಯಲ್ಲಿ ಸಿಕ್ಕವು. ಮೂಢನಂಬಿಕೆಯಿಂದ ಇತಿಹಾಸಕ್ಕೆ ಉಪಕಾರವಾದ ಉದಾಹರಣೆ ನನಗೆ ತಿಳಿದಂತೆ ಬೇರೆ ಇಲ್ಲ.

ನಮ್ಮವರು ಇನ್ನೊಂದು ಸಲ ಬರುತ್ತಾರೆ ಎಂದಿದ್ದೆನಲ್ಲ. 2008ರಲ್ಲಿ ಇದೇ ಪೈರೇಟ್ಸ್ ತಂಡ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್‌ರನ್ನು, ಪಿಚರ್‌ಗಳಾಗಿ ಸೇರಿಸಿಕೊಂಡಿತು. ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗುವವರೆಗೆ ಬೇಸ್‌ಬಾಲ್ ಚೆಂಡನ್ನು ಮುಟ್ಟಿಯೂ ಇರದ ಜಾವೆಲಿನ್ ಎಸೆತಗಾರರು. ಕೋಲ್ಕತ್ತದ ಪರ ಸಿಕ್ಸರ್ ಹೊಡೆಯುವ ರಿಂಕು ಸಿಂಗ್ ಬೇರೆ, ದಯವಿಟ್ಟು ಗೊಂದಲ ಬೇಡ.

ಇಷ್ಟು ಹೇಳಿದಾಗ ಹಿಂದಿನ ಸಾಲಿನ ಯುವಕನೊಬ್ಬ ಎದ್ದು ಕೇಳಿದ: "ಸರ್, ಅವರಲ್ಲಿ ನೆಟ್ ರನ್ ರೇಟ್ ಇಲ್ಲವೇ?" ಬಹಳ ಒಳ್ಳೆಯ ಪ್ರಶ್ನೆ. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಏನಾಯಿತು ನೆನಪಿದೆಯೇ? ಮೊದಲು ಬ್ಯಾಟ್ ಮಾಡಿದ ಆರ್‌ಸಿಬಿ ಚೆನ್ನೈಯನ್ನು ಬರೀ ಸೋಲಿಸಿದರೆ ಸಾಲದು, 18 ರನ್ ಅಂತರದಿಂದ ಸೋಲಿಸಬೇಕಿತ್ತು. 27 ರನ್‌ಗಳಿಂದ ಸೋಲಿಸಿ ಪ್ಲೇ ಆಫ್‌ಗೆ ಹೋಯಿತು. ಹೌದು, ಅಲ್ಲಿಯೂ 27. ಸಂಖ್ಯಾಶಾಸ್ತ್ರದವನು ಕಾಕತಾಳೀಯಕ್ಕೆ ಬೆರಗಾಗಬಾರದು, ಆದರೂ ಹೇಳದೆ ಇರಲಾಗಲಿಲ್ಲ. ನಮ್ಮ ಲೀಗಿನಲ್ಲಿ ಕೋಡಿಯ ನೀರನ್ನೂ ಅಳೆದು ಖಾತೆಗೆ ಬರೆಯುತ್ತಾರೆ. ಬೇಸ್‌ಬಾಲ್‌ನಲ್ಲಿ ಬರೆಯುವುದಿಲ್ಲ. ಅಲ್ಲಿನ ನಿಯಮದಂತೆ ನಡೆದಿದ್ದರೆ ಅಂದು ಕೊನೆಯ ಓವರಿನಲ್ಲಿ ಸೋಲು ಖಚಿತವಾದ ಮೇಲೂ ಚೆನ್ನೈ ಅಷ್ಟು ಜೀವ ಹಿಡಿದು ಆಡಬೇಕಾದ ಕಾರಣವೇ ಇರುತ್ತಿರಲಿಲ್ಲ, ನಮಗೂ ಉಗುರು ಕಚ್ಚುವ ಕೆಲಸ ಇರುತ್ತಿರಲಿಲ್ಲ. ಯಾವುದು ಸರಿ ಎಂದು ನಾನು ತೀರ್ಪು ಕೊಡಲಾರೆ. ಋತುವಿನುದ್ದಕ್ಕೂ ಕೂಡಿಟ್ಟದ್ದಕ್ಕೆ ಒಂದು ಬೆಲೆ ಬೇಕು ಎನ್ನುವುದು ನ್ಯಾಯವೇ.

ಆ ಬೆಲೆ ಬೇಸ್‌ಬಾಲ್‌ನಲ್ಲಿ ಈಚೆಗೆ ಇನ್ನೂ ಇಳಿದಿದೆ. 1969ರಲ್ಲಿ ವರ್ಲ್ಡ್ ಸೀರೀಸ್‌ಗೆ ಮೊದಲು ಒಂದು ಹಂತ ಸೇರಿಸಿದರು, 1995ರಿಂದ ಇನ್ನೊಂದು. 2022ರಿಂದ ಹನ್ನೆರಡು ತಂಡಗಳು ಅಕ್ಟೋಬರ್ ಆಟಕ್ಕೆ ಬರುತ್ತವೆ. ಈಗ ಋತುವಿಗೆ 162 ಪಂದ್ಯ. 2001ರಲ್ಲಿ 116 ಪಂದ್ಯ ಗೆದ್ದ ಸಿಯಾಟಲ್ ವರ್ಲ್ಡ್ ಸೀರೀಸ್ ಬಾಗಿಲನ್ನೂ ಕಾಣಲಿಲ್ಲ. 2006ರಲ್ಲಿ 83 ಗೆದ್ದ ಸೇಂಟ್ ಲೂಯಿಸ್ ಚಾಂಪಿಯನ್ ಆಯಿತು. ಇದಕ್ಕೆ ಹೋಲಿಸಿದರೆ 95 ಗೆದ್ದ ಪೈರೇಟ್ಸ್ 97 ಗೆದ್ದ ಯಾಂಕೀಸನ್ನು ಸೋಲಿಸಿದ್ದು ಗೌರವಸ್ಥರ ಜಗಳ.

ಕೊನೆಗೆ ಆ ಗೋಡೆಗೆ ಮರಳುತ್ತೇನೆ. 1985ರ ಅಕ್ಟೋಬರ್ 13ರಂದು ಅಭಿಮಾನಿಯೊಬ್ಬ ಒಂದು ಟೇಪ್ ರೆಕಾರ್ಡರ್ ಹಿಡಿದುಕೊಂಡು ಅಲ್ಲಿಗೆ ಬಂದು, ಏಳನೆಯ ಪಂದ್ಯದ ರೇಡಿಯೊ ವೀಕ್ಷಕ ವಿವರಣೆಯನ್ನು ಮಧ್ಯಾಹ್ನ ಒಂದು ಗಂಟೆಗೆ ಹಾಕಿ, ಒಬ್ಬನೇ ಕುಳಿತು ಪೂರ್ತಿ ಕೇಳಿ ಎದ್ದುಹೋದ. ಒಂದು ಗಂಟೆಗೆ ಶುರುಮಾಡಿದರೆ ಹೋಂ ರನ್ ಸರಿಯಾಗಿ 3 ಗಂಟೆ 36 ನಿಮಿಷಕ್ಕೆ ಬರುತ್ತದೆ. ವರ್ಷದಿಂದ ವರ್ಷಕ್ಕೆ ಜನ ಸೇರುತ್ತ ಹೋದರು. 2012ರಲ್ಲಿ ನಾನೂ ಹೋಗಿ ಕುಳಿತೆ. ಮಡಚುವ ಕುರ್ಚಿಗಳು, ಹಳೆಯ ಟೋಪಿಗಳು, ಮೊಮ್ಮಕ್ಕಳು. ಫಲಿತಾಂಶ ಅರ್ಧ ಶತಮಾನದಿಂದ ಗೊತ್ತಿದ್ದವರು ಕ್ಯೂಬೆಕ್ ಗಂಟಲಿಗೆ ಚೆಂಡು ಬಡಿದಾಗ ಅಯ್ಯೋ ಎಂದರು, ಬೆರಾ ಹೋಂ ರನ್ ಹೊಡೆದಾಗ ತಲೆ ಆಡಿಸಿದರು. ಹ್ಯಾಲ್ ಸ್ಮಿತ್‌ಗೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅಂದು ಮೈಕಿನ ಮುಂದೆ ಇದ್ದವರು ಚಕ್ ಥಾಂಪ್ಸನ್ ಎಂಬ ಅನುಭವಿ ವಿವರಣೆಕಾರರು. ಆ ಗದ್ದಲದಲ್ಲಿ ಅವರಿಗೆ ಎರಡು ತಪ್ಪುಗಳಾದವು. ಎಸೆಯುತ್ತಿದ್ದವನು ಟೆರಿ, ಅವರು ಡಿಟ್ಮಾರ್ ಎಂದರು. ಅಂತಿಮ ಅಂಕ 10–9. ಅವರು 10–0 ಎಂದರು, ಸ್ವಲ್ಪ ಹೊತ್ತಿನ ಮೇಲೆ ಸರಿಪಡಿಸಿಕೊಂಡರು. ಇಪ್ಪತ್ತೈದು ವರ್ಷಗಳ ನಂತರ ಆ ಧ್ವನಿಯನ್ನು ಬಿಯರ್ ಕಂಪನಿಯೊಂದು ಜಾಹೀರಾತಿಗೆ ಬಳಸಿದಾಗ ಡಿಟ್ಮಾರ್ ನ್ಯಾಯಾಲಯಕ್ಕೆ ಹೋದ. ಆ ಚೆಂಡನ್ನು ತಾನು ಎಸೆಯಲಿಲ್ಲ ಎಂಬುದು ಅವನ ವಾದ. ಅದೂ ಗೆಲ್ಲಲಿಲ್ಲ.

ಗೋಡೆಯ ಬಳಿ ಟೇಪ್ ತಿರುಗುತ್ತಿತ್ತು. ಗಡಿಯಾರ 3 ಗಂಟೆ 36 ನಿಮಿಷ ತೋರಿಸಿತು. ಧ್ವನಿವರ್ಧಕದಿಂದ ಡಿಟ್ಮಾರ್ ಎಸೆಯುತ್ತಿದ್ದಾನೆ ಎಂಬ ಮಾತು ಬಂತು. ನನ್ನ ಪಕ್ಕದ ಮುದುಕರು ಮೊಮ್ಮಗಳ ಕಿವಿಯಲ್ಲಿ "ಟೆರಿ" ಎಂದರು. ಚೆಂಡು ಹೋಯಿತು, ಜನ ಎದ್ದರು, ಟೋಪಿಗಳು ಮೇಲಕ್ಕೆ ಹಾರಿದವು. ಪೈರೇಟ್ಸ್ ಹತ್ತು–ಸೊನ್ನೆಯಿಂದ ಗೆದ್ದರು ಎಂದು ಥಾಂಪ್ಸನ್ ಕೂಗಿದರು. ಆ ಸಲ ಮುದುಕರು ತಿದ್ದಲಿಲ್ಲ.